ನಿರೋಧಕ ಸೋಂಕಿಗೆ ಎರಡೆರಡು ಆ್ಯಂಟಿಬಯಾಟಿಕ್: ಜೋಡಿ ಯಾವಾಗ ಕೆಲಸ ಮಾಡುತ್ತದೆ, ಯಾವಾಗ ಇಲ್ಲ?

ಕಲ್ಚರ್ ಪ್ಲೇಟ್ (ಮೈಸೂರು)

ನಾನು ಆಸ್ಪತ್ರೆಯೊಂದರ ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಲ್ಚರ್ ರಿಪೋರ್ಟ್ ಒಯ್ಯಲು ಬರುವ ರೋಗಿಯ ಕಡೆಯವರು ಈಚೆಗೆ ಪದೇ ಪದೇ ಒಂದೇ ಪ್ರಶ್ನೆ ಕೇಳುತ್ತಾರೆ: "ರಿಪೋರ್ಟ್ ಪೂರ್ತಿ 'ಆರ್' (ರೆಸಿಸ್ಟೆಂಟ್, ಔಷಧಿಗೆ ಬಗ್ಗದ್ದು) ಅಂತಲೇ ಬಂದಿದೆ. ಒಂದು ಔಷಧಿ ನಾಟದಿದ್ದರೆ ಎರಡು ಸೇರಿಸಿ ಕೊಡಬಹುದಲ್ಲ?"

ಕೆಲವು ಸಲ ಕೊಡಬಹುದು, ಕೆಲವು ಸಲ ಕೊಡಲೇಬೇಕು, ಬಹಳ ಸಲ ಕೊಟ್ಟರೂ ಏನೂ ದಕ್ಕುವುದಿಲ್ಲ. ಈ ಮೂರರ ನಡುವಿನ ವ್ಯತ್ಯಾಸ ಜನರಿಗೆ ಗೊತ್ತಾಗಬೇಕು ಅನ್ನುವ ಆಸೆಯಿಂದ ಈ ಚರ್ಚೆ ಶುರು ಮಾಡಿದ್ದೇನೆ.

ಪ್ಲೇಟಿನ ಮೇಲೆ ಕಂಡದ್ದನ್ನೇ ಹೇಳುತ್ತೇನೆ. ಐಸಿಯುನಿಂದ ಬಂದ ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಮೆರೋಪೆನೆಮ್ ಔಷಧಿ ಸವರಿದ ಕಾಗದದ ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಹಬ್ಬಿತ್ತು. ಆಜ್ಟ್ರಿಯೋನಾಮ್ ಬಿಲ್ಲೆಯ ಸುತ್ತಲೂ ಹಾಗೆಯೇ, ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್ ಬಿಲ್ಲೆಯ ಸುತ್ತಲೂ ಹಾಗೆಯೇ. ಕೊನೆಯ ಎರಡು ಬಿಲ್ಲೆಗಳನ್ನು ಅಕ್ಕಪಕ್ಕ ಇಟ್ಟು ಇನ್ನೊಂದು ಪ್ಲೇಟ್ ಹಾಕಿ ರಾತ್ರಿಯಿಡೀ ಇನ್‌ಕ್ಯುಬೇಟರಿನಲ್ಲಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ಎರಡರ ನಡುವಿನ ಜಾಗ ಮಾತ್ರ ತಿಳಿಯಾಗಿತ್ತು. ಅಲ್ಲಿ ಒಂದು ಚುಕ್ಕೆಯೂ ಬೆಳೆದಿರಲಿಲ್ಲ. ಬೇರೆ ಬೇರೆಯಾಗಿ ಸೋತ ಎರಡು ಔಷಧಿಗಳು ಸೇರಿದಲ್ಲಿ ಗೆದ್ದಿದ್ದವು.

ಯಾಕೆ ಅಂದರೆ, ಈ ಬ್ಯಾಕ್ಟೀರಿಯಾದ ಕೈಯಲ್ಲಿ ಎನ್‌ಡಿಎಂ ಎಂಬ ಕಿಣ್ವ ಇತ್ತು. 2008ರಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಮೊದಲು ಗುರುತಿಸಿದ್ದು, ನವದೆಹಲಿಯಲ್ಲಿ ಚಿಕಿತ್ಸೆ ಪಡೆದು ಹೋಗಿದ್ದ ಒಬ್ಬ ರೋಗಿಯಲ್ಲಿ. ಮೆರೋಪೆನೆಮ್‌ನಂಥ ದೊಡ್ಡ ಔಷಧಿಯನ್ನೂ ಅದು ಮುರಿದು ಹಾಕುತ್ತದೆ, ಆದರೆ ಆಜ್ಟ್ರಿಯೋನಾಮನ್ನು ಮುರಿಯಲು ಅದಕ್ಕೆ ಆಗುವುದಿಲ್ಲ. ಹಾಗಿದ್ದರೆ ಆಜ್ಟ್ರಿಯೋನಾಮ್ ಒಂದೇ ಸಾಕಲ್ಲ? ಸಾಲದು. ಎನ್‌ಡಿಎಂ ಇರುವ ಬ್ಯಾಕ್ಟೀರಿಯಾದಲ್ಲಿ ಸಾಮಾನ್ಯವಾಗಿ ಇಎಸ್‌ಬಿಎಲ್ ಜಾತಿಯ ಬೇರೆ ಕಿಣ್ವಗಳೂ ಇರುತ್ತವೆ, ಅವು ಆಜ್ಟ್ರಿಯೋನಾಮನ್ನು ಮುರಿಯುತ್ತವೆ. ಅವಿಬ್ಯಾಕ್ಟಮ್ ಆ ಬೇರೆ ಕಿಣ್ವಗಳನ್ನು ಕಟ್ಟಿಹಾಕುತ್ತದೆ. ತೇರಿನ ಗಾಲಿಗೆ ಸನ್ನೆ ಹಾಕುವವರು ಹಗ್ಗ ಹಿಡಿಯುವುದಿಲ್ಲ, ಆದರೂ ಅವರಿಲ್ಲದೆ ತೇರು ಮುಂದೆ ಹೋಗುವುದಿಲ್ಲ. ಅವಿಬ್ಯಾಕ್ಟಮ್ ಮಾಡುವುದು ಅಂಥ ಕೆಲಸ.

ಅಂದರೆ ಇಲ್ಲಿ ಒಂದೊಂದು ಔಷಧಿಗೂ ಒಂದೊಂದು ಗೊತ್ತಾದ ಕೆಲಸವಿದೆ. ಜೋಡಿ ಬರೆಯುವಾಗ "ಇದರ ಕೆಲಸ ಏನು?" ಎಂಬುದಕ್ಕೆ ಉತ್ತರ ಇರಲೇಬೇಕು ಅನ್ನುವುದು ನನ್ನ ವಾದ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಜಾಲದ ವರದಿ ಪ್ರಕಾರ ಮೆರೋಪೆನೆಮ್ ಗುಂಪಿನದೇ ಆದ ಇಮಿಪೆನೆಮ್‌ಗೆ ಬಗ್ಗುವ ಕ್ಲೆಬ್ಸಿಯೆಲ್ಲಾ 2016ರಲ್ಲಿ ಶೇ. 65 ಇದ್ದದ್ದು 2021ರಲ್ಲಿ ಶೇ. 43ಕ್ಕೆ ಇಳಿದಿತ್ತು. ಉಳಿದಿರುವ ಔಷಧಿಗಳು ಬೆರಳೆಣಿಕೆಯಷ್ಟು. ಅವನ್ನು ಅಂದಾಜಿನಲ್ಲಿ ಸುರಿಯುವ ಸ್ಥಿತಿಯಲ್ಲಿ ನಾವಿಲ್ಲ.

ಮಲೆನಾಡ ಮಗ (ತೀರ್ಥಹಳ್ಳಿ)

ಮೇಡಂ, ನಮ್ಮ ಅಪ್ಪ ಹೋದ ವರ್ಷ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಮೇಲಿದ್ದರು. ಅಸಿನೆಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸೋಂಕು ಅಂದರು. ಕೊಲಿಸ್ಟಿನ್ ಮತ್ತು ಮೆರೋಪೆನೆಮ್ ಎರಡೂ ಕೊಟ್ಟರು. ಆಮೇಲೆ ಕಿಡ್ನಿ ಕೈಕೊಟ್ಟಿತು, ಡಯಾಲಿಸಿಸ್ ಆಯಿತು, ಅಪ್ಪ ಉಳಿಯಲಿಲ್ಲ. ಎರಡು ಔಷಧಿ ಕೊಟ್ಟದ್ದೇ ತಪ್ಪಾಯಿತಾ? ಮನೆಯಲ್ಲಿ ಅಮ್ಮ ಇವತ್ತಿಗೂ ಇದನ್ನೇ ಕೇಳುತ್ತಾರೆ. ಯಾರ ಮೇಲೂ ದೂರು ಹೇಳಲು ಬಂದದ್ದಲ್ಲ, ಗೊತ್ತಾಗಬೇಕು ಅಷ್ಟೆ.

ವಾರ್ಡ್ ರೌಂಡ್ಸ್ (ಮಂಗಳೂರು)

ಮಲೆನಾಡ ಮಗ ಅವರೇ, ನಿಮ್ಮ ತಂದೆಯವರ ವಿಷಯ ಕೇಳಿ ಬೇಸರವಾಯಿತು. ನಾನು ಫಿಸಿಷಿಯನ್. ಅವರ ಕಡತ ನೋಡದೆ ಅವರ ಬಗ್ಗೆ ತೀರ್ಪು ಹೇಳುವುದು ಸರಿಯಲ್ಲ. ಆದರೆ ಆ ಜೋಡಿಯ ಬಗ್ಗೆ ಗೊತ್ತಿರುವುದನ್ನು ಹೇಳಬಲ್ಲೆ, ಅಮ್ಮನಿಗೂ ಓದಿ ಹೇಳಿ.

ಕೊಲಿಸ್ಟಿನ್ ಹಳೆಯ ಔಷಧಿ. ಕಿಡ್ನಿಗೆ ಪೆಟ್ಟು ಕೊಡುತ್ತದೆ ಎಂದೇ ಹಿಂದೆ ಮೂಲೆಗೆ ಸರಿಸಿದ್ದರು. ಬೇರೆಲ್ಲ ಔಷಧಿಗಳೂ ಸೋತ ಮೇಲೆ ವಾಪಸ್ ತಂದದ್ದು. ಕಿಡ್ನಿಗೆ ಅಪಾಯ ಇರುವುದು ಮುಖ್ಯವಾಗಿ ಅದರಿಂದ, ಮೆರೋಪೆನೆಮ್ ಸೇರಿಸಿದ್ದರಿಂದ ಅಲ್ಲ. ಅದರ ಮೇಲೆ ತೀವ್ರ ಸೋಂಕಿನಲ್ಲಿ ಬಿಪಿ ಇಳಿದರೆ ಅದೇ ಕಿಡ್ನಿಯನ್ನು ಹಾಳು ಮಾಡುತ್ತದೆ. ಹಾಗಾಗಿ ಎರಡು ಕೊಟ್ಟದ್ದರಿಂದಲೇ ಹೀಗಾಯಿತು ಎಂಬ ಕೊರಗನ್ನು ಅಮ್ಮ ಇಟ್ಟುಕೊಳ್ಳಬೇಕಿಲ್ಲ.

ಇನ್ನು ಲಾಭದ ಮಾತು. ಪ್ಲೇಟಿನ ಮೇಲೆ, ಟ್ಯೂಬಿನೊಳಗೆ ಈ ಎರಡೂ ಸೇರಿದರೆ ಚೆನ್ನಾಗಿ ಕೆಲಸ ಮಾಡುತ್ತವೆ. ಅದನ್ನು ನಂಬಿಯೇ ಜಗತ್ತಿನ ಐಸಿಯುಗಳಲ್ಲಿ ಜೋಡಿ ಕೊಡುತ್ತಿದ್ದರು. ಇಸ್ರೇಲ್, ಗ್ರೀಸ್, ಇಟಲಿಗಳಲ್ಲಿ 406 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಅಸಿನೆಟೋಬ್ಯಾಕ್ಟರೇ. ಕೊಲಿಸ್ಟಿನ್ ಒಂದೇ ಕೊಟ್ಟವರಲ್ಲಿ ಶೇ. 79 ಮಂದಿಗೆ, ಜೋಡಿ ಕೊಟ್ಟವರಲ್ಲಿ ಶೇ. 73 ಮಂದಿಗೆ ಚಿಕಿತ್ಸೆ ಫಲಿಸಲಿಲ್ಲ. ಈ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು. ಆಮೇಲೆ ಹಲವು ದೇಶಗಳಲ್ಲಿ ನಡೆದ ಇನ್ನೊಂದು ಪರೀಕ್ಷೆಯಲ್ಲೂ ಜೋಡಿಗೆ ಮೇಲುಗೈ ಕಾಣಲಿಲ್ಲ. ಎರಡೂ ಗುಂಪಿನಲ್ಲಿ ಸೋಲೇ ಎಷ್ಟೊಂದು ಹೆಚ್ಚು ನೋಡಿ. ಆ ರೋಗಾಣು ಅಷ್ಟು ಕೆಟ್ಟದ್ದು.

ಕಲ್ಚರ್ ಪ್ಲೇಟ್ ಮೇಡಂ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ: ಪ್ಲೇಟ್ ಮೇಲೆ ಗೆದ್ದದ್ದೆಲ್ಲ ವಾರ್ಡಿನಲ್ಲಿ ಗೆಲ್ಲುವುದಿಲ್ಲ. ಔಷಧಿ ಶ್ವಾಸಕೋಶಕ್ಕೆ ಬೇಕಾದಷ್ಟು ತಲುಪಬೇಕು, ರೋಗಿಯ ಮೈಯಲ್ಲಿ ತ್ರಾಣ ಇರಬೇಕು.

ಮಲೆನಾಡ ಮಗ (ತೀರ್ಥಹಳ್ಳಿ)

ತುಂಬಾ ಉಪಕಾರ ಆಯ್ತು ಡಾಕ್ಟ್ರೇ. ಅಮ್ಮನಿಗೆ ಓದಿ ಹೇಳಿದೆ.

ಟಿಬಿ ಫೀಲ್ಡ್ (ಕಲಬುರಗಿ)

ಛಲೋ ವಿಷಯ ಎತ್ತೀರಿ ಮೇಡಂ. ಜೋಡಿ ಔಷಧದ ಮಾತು ಬಂದ್ರ ಅದು ಟಿಬಿಯಿಂದನ ಸುರು ಆಗಬೇಕ್ರಿ.

ಸ್ಟ್ರೆಪ್ಟೋಮೈಸಿನ್ ಬಂದ ಹೊಸದರಾಗ ಬ್ರಿಟನ್ನಿನವರು ಅದೊಂದನ್ನ ಕೊಟ್ಟು ನೋಡಿದ್ರು, 1948ರಾಗ ವರದಿ ಬಂತು. ಮೊದಲ ಆರು ತಿಂಗಳು ಮಂದಿ ಚೇತರಿಸಿಕೊಂಡ್ರು. ಆಮ್ಯಾಲ ಭಾಳ ಮಂದಿಯೊಳಗ ರೋಗಾಣು ಔಷಧಕ್ಕ ಜಗ್ಗಲಿಲ್ಲ. ಪಾಸ್ ಅನ್ನೋ ಎರಡನೇ ಔಷಧ ಕೂಡಿಸಿ ಕೊಟ್ಟಾಗ ಆ ತ್ರಾಸು ಭಾಳ ಕಡಿಮಿ ಆತು. 1952ರಾಗ ಐಸೋನಿಯಾಜಿಡ್ ಬಂತು. 1956ರಾಗ ಮದ್ರಾಸಿನ್ಯಾಗ ಟಿಬಿ ಔಷಧದ ಸಂಶೋಧನಾ ಕೇಂದ್ರ ಆತು. ಐಸೋನಿಯಾಜಿಡ್ ಮತ್ತ ಪಾಸ್ ಕೂಡಿಸಿ ಒಂದು ವರ್ಷ ಕೊಟ್ರ, ಮನ್ಯಾಗಿದ್ದ ಬಡ ರೋಗಿನೂ ಸ್ಯಾನಿಟೋರಿಯಂದಾಗ ಇದ್ದವನಷ್ಟ ಗುಣ ಆಗ್ತಾನ ಅಂತ 1959ರಾಗ ಜಗತ್ತಿಗೆ ತೋರಿಸಿದವರು ಅವರ್ರಿ. ನಮ್ಮ ದೇಶದ ಮಂದಿ ಇದನ್ನ ಮರೀಬಾರದು.

ಲೆಕ್ಕ ಹಿಂಗದ. ಐಸೋನಿಯಾಜಿಡ್‌ಗೆ ಜಗ್ಗಲಾರದ ಟಿಬಿ ರೋಗಾಣು ತಾನಾಗೇ ಹುಟ್ಟೋದು ಸುಮಾರು ಹತ್ತು ಲಕ್ಷಕ್ಕ ಒಂದು. ರಿಫಾಂಪಿಸಿನ್‌ಗೆ ಹತ್ತು ಕೋಟಿಗೆ ಒಂದು. ಪುಪ್ಪಸದಾಗ ಒಂದು ಗುಳಿ ಬಿದ್ದಿತ್ತಂದ್ರ ಅದರಾಗ ಹತ್ತು ಕೋಟಿ ರೋಗಾಣು ಇರಬಹುದು. ಒಂದ ಔಷಧ ಕೊಟ್ರ ತಪ್ಪಿಸಿಕೊಳ್ಳೋನು ಒಬ್ಬರ ಇದ್ದ ಇರ್ತಾನ. ಎರಡೂ ಕೂಡಿ ಕೊಟ್ರ, ಎರಡನ್ನೂ ತಪ್ಪಿಸಿಕೊಳ್ಳೋದು ನೂರು ಲಕ್ಷ ಕೋಟಿಗೆ ಒಂದು. ಅಷ್ಟು ರೋಗಾಣು ಯಾರ ಮೈಯಾಗೂ ಇರಂಗಿಲ್ಲ.

ಆದ್ರ ಈ ಲೆಕ್ಕ ನಿಲ್ಲಬೇಕಂದ್ರ ಎರಡೂ ಔಷಧ ಖರೇನೂ ಕೆಲಸ ಮಾಡ್ತಿರಬೇಕು. ಐಸೋನಿಯಾಜಿಡ್ ಮೊದಲ ಸೋತಿದ್ದು ಯಾರಿಗೂ ಗೊತ್ತಾಗಲಿಲ್ಲಂದ್ರ, ಗುಳಿಗಿ ಮೂರು ಕಂಡ್ರೂ ಕೆಲಸ ಮಾಡೋವು ಎರಡ. ಟಿಬಿ ಹಿಡಿಯೋ ಟ್ರೂನಾಟ್, ಸಿಬಿನಾಟ್ ಪರೀಕ್ಷಾ ರಿಫಾಂಪಿಸಿನ್ ಒಂದನ್ನ ನೋಡ್ತಾವು. ಐಸೋನಿಯಾಜಿಡ್ ನೋಡಾಕ ಎಲ್‌ಪಿಎ ಪರೀಕ್ಷಾಕ್ಕ ಕಫ ಬ್ಯಾರೆ ಕಳಸಬೇಕು. ಅದನ್ನ ಬಿಡಬ್ಯಾಡ್ರಿ ಅಂತ ನಾ ಪ್ರತಿ ಮನಿಯಾಗ ಹೇಳ್ತೀನಿ.

ಇನ್ನೊಂದು ನಿಯಮ ನಮಗ ಟ್ರೇನಿಂಗ್‌ನಾಗ ತಲಿಗೆ ಬಡದು ಕಲಿಸ್ಯಾರ: ಸೋಲಾಕತ್ತಿದ ಚಿಕಿತ್ಸಾಕ್ಕ ಒಂದ ಒಂದು ಹೊಸ ಔಷಧ ಕೂಡಿಸಬಾರದು. ಹಳೇವು ಸೋತಿದ್ರ ಆ ಹೊಸದು ಒಂಟಿ ಆಗ್ತದ, ಅದೂ ಹೋಗ್ತದ.

ಔಷಧಿ ಅಂಗಡಿ (ಹಾಸನ)

ಎಲ್ಲರೂ ದೊಡ್ಡ ದೊಡ್ಡ ಔಷಧಿ ಮಾತಾಡ್ತಿದೀರಿ. ನನ್ನ ಕೌಂಟರಿನಲ್ಲಿ ದಿನಾ ಹೋಗೋ ಜೋಡಿ ಯಾವುದು ಗೊತ್ತಾ? ಆಫ್ಲಾಕ್ಸಾಸಿನ್-ಆರ್ನಿಡಜೋಲ್. ಬೆಳಿಗ್ಗೆ ಭೇದಿ ಶುರುವಾದರೆ ಹತ್ತು ಗಂಟೆಗೆ ಬಂದು "ಆ ಭೇದಿ ಮಾತ್ರೆ ಎರಡು ಕೊಡಿ" ಅಂತಾರೆ. ಚೀಟಿ ಇಲ್ಲ. ಪೂರ್ತಿ ಸ್ಟ್ರಿಪ್ ಕೂಡ ಬೇಡ, ಎರಡೇ.

ಅದರಲ್ಲಿ ಒಂದು ಬ್ಯಾಕ್ಟೀರಿಯಾಗೆ, ಇನ್ನೊಂದು ಅಮೀಬಾಕ್ಕೆ. ಒಬ್ಬನೇ ಮನುಷ್ಯನಿಗೆ ಎರಡೂ ಒಟ್ಟಿಗೆ ಬರೋದು ಎಷ್ಟು ಅಪರೂಪ! ಯಾವುದು ಅಂತ ನೋಡೋ ಶ್ರಮ ಬೇಡ ಅಂತ ಎರಡನ್ನೂ ಒಂದೇ ಮಾತ್ರೆಗೆ ಹಾಕಿದ್ದಾರೆ. ಹೆಚ್ಚಿನ ಭೇದಿಗೆ ಇವೆರಡೂ ಬೇಡ, ಓಆರ್‌ಎಸ್ ಸಾಕು. ಮೇಡಂ ಕೇಳಿದ "ಇದರ ಕೆಲಸ ಏನು" ಅನ್ನೋ ಪ್ರಶ್ನೆಗೆ ಇಲ್ಲಿ ಉತ್ತರವೇ ಇಲ್ಲ.

2016ರಲ್ಲಿ ಸರ್ಕಾರ 344 ಮಿಶ್ರಣ ಔಷಧಿಗಳನ್ನ ನಿಷೇಧಿಸಿತು, ಕೋರ್ಟಿಗೆ ಹೋಯ್ತು, 2018ರಲ್ಲಿ 328ಕ್ಕೆ ಮತ್ತೆ ನಿಷೇಧ ಬಂತು, 2024ರಲ್ಲಿ ಇನ್ನೂ 156. ಎಲ್ಲವೂ ಆ್ಯಂಟಿಬಯಾಟಿಕ್ ಅಲ್ಲ, ಕೆಮ್ಮಿನ ಸಿರಪ್ಪು, ನೋವಿನ ಮಾತ್ರೆ ಎಲ್ಲ ಸೇರಿ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಬಳಸಬಾರದ ಆ್ಯಂಟಿಬಯಾಟಿಕ್ ಮಿಶ್ರಣಗಳದ್ದೇ ಒಂದು ದೊಡ್ಡ ಪಟ್ಟಿ ಇಟ್ಟಿದೆ. ಆದರೂ ಮಾರುಕಟ್ಟೆಯಲ್ಲಿ ರಾಶಿ ಇದೆ.

ನೇರ ಮಾತು (ದಾವಣಗೆರೆ)

ಅಣ್ಣ, ಗೊತ್ತಿದ್ದೂ ಕೊಡೋದು ನೀವೇ ತಾನೆ? ಚೀಟಿ ಇಲ್ಲದೆ ಕೊಡದಿದ್ದರೆ ಮುಗೀತಲ್ಲ. ಅಂಗಡಿಯವರು ಮನಸ್ಸು ಮಾಡಿದ್ರೆ ಅರ್ಧ ಸಮಸ್ಯೆ ಇವತ್ತೇ ಮುಗಿಯುತ್ತೆ.

ಔಷಧಿ ಅಂಗಡಿ (ಹಾಸನ)

ನೇರ ಮಾತು ಅವರೇ, ನಾನು ಕೊಡಲ್ಲ. ಓಆರ್‌ಎಸ್ ಪೊಟ್ಟಣ ಕೈಗಿಟ್ಟು ಕಳಿಸ್ತೀನಿ, ರಕ್ತ ಬಿದ್ದರೆ, ಜ್ವರ ಇದ್ದರೆ ಡಾಕ್ಟರ ಹತ್ರ ಹೋಗಿ ಅಂತೀನಿ. ಅವರು ಎದುರಿಗೇ ರಸ್ತೆ ದಾಟಿ ಪಕ್ಕದ ಅಂಗಡಿಗೆ ಹೋಗ್ತಾರೆ. 2014ರ ಮಾರ್ಚಿಂದ ಶೆಡ್ಯೂಲ್ ಎಚ್1 ಇದೆ, ಸೆಫಿಕ್ಸೀಮ್, ಮೆರೋಪೆನೆಮ್, ಟಿಬಿ ಔಷಧಿ ಕೊಟ್ಟರೆ ರೋಗಿಯ ಹೆಸರು, ಡಾಕ್ಟರ ಹೆಸರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ನನ್ನ ರಿಜಿಸ್ಟರ್ ನೋಡೋಕೆ ಬಂದವರು ಅಪರೂಪ. ಚೀಟಿ ಬರೆಯೋರು, ತಯಾರಿಸೋರು, ಕೇಳಿ ತಗೊಳ್ಳೋರು ಎಲ್ಲರೂ ಇದರಲ್ಲಿದ್ದಾರೆ.

ಟಿಬಿ ಫೀಲ್ಡ್ (ಕಲಬುರಗಿ)

ಹಾಸನದ ಅಣ್ಣಾರಿಗೆ ಕೈ ಮುಗಿತೀನ್ರಿ. ಯಾಕಂದ್ರ ಆ ಆಫ್ಲಾಕ್ಸಾಸಿನ್ನಿನ ತಮ್ಮನ ಮಾಕ್ಸಿಫ್ಲಾಕ್ಸಾಸಿನ್. ನಮ್ಮ ಔಷಧ ನಿರೋಧಕ ಟಿಬಿಗೆ ಈಗ ಬಂದಿರೋ ಆರು ತಿಂಗಳ ಕೋರ್ಸಿನ್ಯಾಗ ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್ ಜೊತಿ ನಾಲ್ಕನೇದು ಅದ. 2024ರ ಸೆಪ್ಟೆಂಬರ್‌ನಾಗ ಕೇಂದ್ರ ಸರ್ಕಾರ ಒಪ್ಪಿಗಿ ಕೊಟ್ಟದ. ಮೊದಲ ಇಂಥ ಪೇಶಂಟ್ ಒಂದೂವರಿ ವರ್ಷ, ಎರಡು ವರ್ಷ ಗುಳಿಗಿ ನುಂಗಬೇಕಿತ್ತು, ಇಂಜೆಕ್ಷನ್ನಿಂದ ಕಿವಿ ಹೋದವರೂ ಇದ್ರು. ಭೇದಿಗೆ ಅಂತ ಎರಡೆರಡ ಗುಳಿಗಿ ತಿಂದು ಆ ಗುಂಪಿನ ಔಷಧನ ಸೋತ್ರ, ಈ ನಾಲ್ಕನೇದು ಕೈ ತಪ್ತದ. ಮ್ಯಾಲ, ಟಿಬಿ ಇದ್ದವರು ಕೆಮ್ಮಿಗೆ ಅಂತ ಆ ಗುಂಪಿನ ಔಷಧ ತಗೊಂಡ್ರ ಕೆಲವು ದಿನ ಹಗುರ ಅನಸ್ತದ, ರೋಗ ಗುರ್ತಾಗೋದು ತಡ ಆಗ್ತದ.

ಪಿಎಚ್‌ಡಿ ಹುಡುಗಿ (ಬೆಂಗಳೂರು)

ಟಿಬಿ ಫೀಲ್ಡ್ ಸರ್ ಹೇಳಿದ "ಎರಡೂ ಖರೇನೂ ಕೆಲಸ ಮಾಡ್ತಿರಬೇಕು" ಅನ್ನುವುದಕ್ಕೆ ಬೇರೊಂದು ರೋಗಾಣುವಿನಿಂದ ಪುರಾವೆ ಇದೆ. 2020ರಲ್ಲಿ ಜೆರುಸಲೇಮಿನ ತಂಡವೊಂದು ಹಲವು ಔಷಧಿಗೆ ಬಗ್ಗದ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾದ, ಅಂದರೆ ಎಂಆರ್‌ಎಸ್‌ಎ ಸೋಂಕಿದ್ದ ರೋಗಿಗಳಿಂದ ಚಿಕಿತ್ಸೆಯ ನಡುವೆ ಬೇರೆ ಬೇರೆ ದಿನ ತೆಗೆದ ಬ್ಯಾಕ್ಟೀರಿಯಾಗಳನ್ನು ಪರೀಕ್ಷಿಸಿತು. ಅವು ಮೊದಲು ನಿರೋಧಕವಾಗಲಿಲ್ಲ. ಮೊದಲು ಒಂದು ಔಷಧಿಯನ್ನು ಸಹಿಸಿಕೊಳ್ಳುವುದನ್ನು ಕಲಿತವು. ಅಂದರೆ ಆ ಔಷಧಿಗೆ ಬೆಳೆಯಲೂ ಇಲ್ಲ, ಬೇಗ ಸಾಯಲೂ ಇಲ್ಲ. ಮಾಮೂಲು ಲ್ಯಾಬ್ ಪರೀಕ್ಷೆಯಲ್ಲಿ ಇದು ಕಾಣುವುದೇ ಇಲ್ಲ, ರಿಪೋರ್ಟಿನಲ್ಲಿ 'ಎಸ್' (ಔಷಧಿಗೆ ಬಗ್ಗುತ್ತದೆ) ಅಂತಲೇ ಬರುತ್ತದೆ. ಆದರೆ ಆ ಹೊತ್ತಿಗೆ ಜೊತೆಗಿದ್ದ ಇನ್ನೊಂದು ಔಷಧಿ ಒಂಟಿಯಾಗಿತ್ತು, ಅದರ ವಿರುದ್ಧ ನಿರೋಧ ಹುಟ್ಟಿತು. ಜೋಡಿ ಕೊಟ್ಟ ಮಾತ್ರಕ್ಕೆ ನಿರೋಧ ತಡೆಯಿತು ಎಂದು ನಿಶ್ಚಿಂತೆಯಿಂದ ಇರಲಾಗದು.

ವಾರ್ಡ್ ರೌಂಡ್ಸ್ ಸರ್, ಜೋಡಿಯಿಂದ ತೊಂದರೆಯೇ ಆದ ಉದಾಹರಣೆ ರೋಗಿಗಳಲ್ಲಿ ಇದೆಯೇ?

ವಾರ್ಡ್ ರೌಂಡ್ಸ್ (ಮಂಗಳೂರು)

ಇದೆ. 1951ರಲ್ಲಿ ಅಮೆರಿಕದಿಂದ ಬಂದ ವರದಿ. ನ್ಯುಮೋಕಾಕಸ್‌ನಿಂದ ಬಂದ ಮೆದುಳು ಪೊರೆಯ ಉರಿಯೂತಕ್ಕೆ ಕೆಲವರಿಗೆ ಪೆನಿಸಿಲಿನ್ ಮಾತ್ರ, ಕೆಲವರಿಗೆ ಪೆನಿಸಿಲಿನ್ ಜೊತೆ ಕ್ಲೋರ್‌ಟೆಟ್ರಾಸೈಕ್ಲಿನ್ ಕೊಟ್ಟಿದ್ದರು. ಎರಡೂ ಪಡೆದವರಲ್ಲೇ ಸಾವು ಬಹಳ ಹೆಚ್ಚು. ಪೆನಿಸಿಲಿನ್ ಕೊಲ್ಲುವುದು ಬೆಳೆಯುತ್ತಿರುವ, ಗೋಡೆ ಕಟ್ಟುತ್ತಿರುವ ಬ್ಯಾಕ್ಟೀರಿಯಾವನ್ನು. ಟೆಟ್ರಾಸೈಕ್ಲಿನ್ ಬೆಳವಣಿಗೆಯನ್ನೇ ನಿಲ್ಲಿಸಿಬಿಟ್ಟರೆ ಪೆನಿಸಿಲಿನ್‌ಗೆ ಗುರಿಯೇ ಸಿಗುವುದಿಲ್ಲ.

ಇದಕ್ಕೆ ತದ್ವಿರುದ್ಧವಾದದ್ದು ಹೃದಯದ ಕವಾಟಕ್ಕೆ ಎಂಟೆರೋಕಾಕಸ್ ಅಂಟಿದಾಗ. ಜೆಂಟಾಮೈಸಿನ್ ತಾನಾಗಿ ಅದರ ಒಳಹೋಗಲಾರದು. ಪೆನಿಸಿಲಿನ್ ಅಥವಾ ಆಂಪಿಸಿಲಿನ್ ಗೋಡೆಯನ್ನು ಸಡಿಲ ಮಾಡಿದರೆ ನುಗ್ಗುತ್ತದೆ. ವಯಸ್ಸಾದವರಲ್ಲಿ ಜೆಂಟಾಮೈಸಿನ್ ಕಿಡ್ನಿಗೆ ಭಾರ, ಹಾಗಾಗಿ ಎಂಟೆರೋಕಾಕಸ್ ಫೀಕಾಲಿಸ್ ಆದರೆ ಆಂಪಿಸಿಲಿನ್ ಜೊತೆ ಸೆಫ್ಟ್ರಿಯಾಕ್ಸೋನ್ ಕೊಡುತ್ತೇವೆ. ಸೆಫ್ಟ್ರಿಯಾಕ್ಸೋನ್ ಒಂದೇ ಕೊಟ್ಟರೆ ಈ ರೋಗಾಣುವಿಗೆ ಲೆಕ್ಕಕ್ಕೇ ಇಲ್ಲ. ಗೋಡೆ ಕಟ್ಟುವ ಬೇರೆ ಬೇರೆ ಪ್ರೋಟೀನುಗಳನ್ನು ಎರಡೂ ಹಂಚಿಕೊಂಡು ಹಿಡಿಯುವುದರಿಂದ ಜೋಡಿಯಾಗಿ ಕೆಲಸ ಮಾಡುತ್ತವೆ. ನನಗೆ ಇವತ್ತಿಗೂ ಅಚ್ಚರಿ ತರುವ ಜೋಡಿ ಇದು.

ನಿರೋಧಕ ರೋಗಾಣುವಿನದ್ದಲ್ಲದಿದ್ದರೂ ನಮ್ಮ ನೆಲದ ಒಂದು ಸಂಗತಿ ಸೇರಿಸುತ್ತೇನೆ. ಸಣ್ಣ ಹುಳು ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರ ನಮ್ಮ ರಾಜ್ಯದಲ್ಲೂ ಇದೆ. ತೀವ್ರವಾದಾಗ ಡಾಕ್ಸಿಸೈಕ್ಲಿನ್ ಕೊಡಬೇಕೋ, ಅಜಿಥ್ರೋಮೈಸಿನ್ ಕೊಡಬೇಕೋ, ಎರಡನ್ನೂ ಕೊಡಬೇಕೋ ಎಂದು ಭಾರತದಲ್ಲೇ 794 ರೋಗಿಗಳ ಮೇಲೆ ಪರೀಕ್ಷೆ ನಡೆದು 2023ರಲ್ಲಿ ಪ್ರಕಟವಾಯಿತು. ಸಾವು, ಏಳನೇ ದಿನಕ್ಕೂ ಬಿಡದ ತೊಡಕು, ಐದನೇ ದಿನಕ್ಕೂ ಇಳಿಯದ ಜ್ವರ ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಎರಡೂ ಪಡೆದವರಲ್ಲಿ ಶೇ. 33, ಒಂದೊಂದೇ ಪಡೆದವರಲ್ಲಿ ಶೇ. 47-48. ಬರೀ ಸಾವನ್ನಷ್ಟೇ ತೆಗೆದುಕೊಂಡರೆ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಹೇಳಬೇಕು. ಜೋಡಿಯ ಪ್ರಶ್ನೆಗೆ ಹೀಗೆ ರೋಗಿಗಳಲ್ಲೇ ಉತ್ತರ ಹುಡುಕಿದಾಗ ಮಾತ್ರ ನಮಗೆ ನಡೆಯಲು ನೆಲ ಸಿಗುತ್ತದೆ.

ನೇರ ಮಾತು (ದಾವಣಗೆರೆ)

ಮೇಡಂ, ಮೊದಲಲ್ಲಿ ಹೇಳಿದ ಆ ಎನ್‌ಡಿಎಂ ಜೋಡಿ ಖರ್ಚು ಎಷ್ಟಾಗುತ್ತೆ? ಸಾಮಾನ್ಯ ಜನಕ್ಕೆ ಕೈಗೆಟುಕುತ್ತಾ?

ಕಲ್ಚರ್ ಪ್ಲೇಟ್ (ಮೈಸೂರು)

ಸೆಫ್ಟಾಜಿಡೀಮ್-ಅವಿಬ್ಯಾಕ್ಟಮ್ ಒಂದು ವೈಯಲ್ಲಿಗೇ ಸಾವಿರಾರು ರೂಪಾಯಿ, ದಿನಕ್ಕೆ ಮೂರು ಸಲ, ಅದರ ಮೇಲೆ ಆಜ್ಟ್ರಿಯೋನಾಮ್. ಒಡವೆ ಅಡವಿಟ್ಟು ತಂದವರನ್ನು ನೋಡಿದ್ದೇನೆ. ಅದಕ್ಕೇ ಪರೀಕ್ಷೆ ಮಾಡದೆ ಬರೆಯಬೇಡಿ ಎಂದು ನಾನು ಹಟ ಹಿಡಿಯುವುದು. ಈ ಜೋಡಿಯಲ್ಲಿ ಸೆಫ್ಟಾಜಿಡೀಮ್ ಸುಮ್ಮನೆ ಜೊತೆಗೆ ಬಂದದ್ದು, ಎನ್‌ಡಿಎಂ ಅದನ್ನು ಮುರಿದು ಹಾಕುತ್ತದೆ. ಅವಿಬ್ಯಾಕ್ಟಮ್ ಬೇರೆಯಾಗಿ ಸಿಗದ ಕಾರಣ ಮೂರನ್ನೂ ಕೊಡಬೇಕಾಯಿತು. ಆಜ್ಟ್ರಿಯೋನಾಮ್-ಅವಿಬ್ಯಾಕ್ಟಮ್ ಒಂದೇ ಔಷಧಿಯಾಗಿ ಯೂರೋಪಿನಲ್ಲಿ 2024ರಲ್ಲಿ, ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಪಡೆದಿದೆ. ಎರಡು ಬಾಟಲಿಯಾಗಿ ಕೊಡುವಾಗ ಎರಡನ್ನೂ ಒಂದೇ ಹೊತ್ತಿಗೆ ಹರಿಸಬೇಕು. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಕೊಟ್ಟರೆ ಆಜ್ಟ್ರಿಯೋನಾಮ್ ಕಾವಲಿಲ್ಲದೆ ಹೋಗುತ್ತದೆ. ವಾರ್ಡಿನ ಸಿಸ್ಟರ್‌ಗಳಿಗೆ ಇದನ್ನು ಫೋನ್ ಮಾಡಿಯೇ ಹೇಳುತ್ತೇನೆ.

ಇದೂ ಶಾಶ್ವತವಲ್ಲ. ಭಾರತದ ಕೆಲವು ಇ. ಕೊಲೈಗಳಲ್ಲಿ ಆಜ್ಟ್ರಿಯೋನಾಮ್ ಹಿಡಿಯಬೇಕಾದ ಪ್ರೋಟೀನಿನೊಳಗೇ ನಾಲ್ಕು ಅಮೈನೋ ಆಮ್ಲ ಹೆಚ್ಚಾಗಿ ಸೇರಿಕೊಂಡಿವೆ. ಕಿಣ್ವವನ್ನು ಎಷ್ಟು ಕಟ್ಟಿದರೂ ಔಷಧಿಗೆ ಹಿಡಿತ ಸಿಗದು. ಸಮಾಧಾನದ ವಿಷಯವೆಂದರೆ ನಮ್ಮವರೂ ಕೈಕಟ್ಟಿ ಕೂತಿಲ್ಲ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಜೋಬ್ಯಾಕ್ಟಮ್, ಸೆಫೆಪೀಮ್ ಜೊತೆಗೂಡಿ 2024ರಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಗಳಿಸಿತು. ಅದು ಎನ್‌ಡಿಎಂಗೆ ಅಲ್ಲ, ಇಎಸ್‌ಬಿಎಲ್‌ಗೆ. ಆದರೆ ಇಎಸ್‌ಬಿಎಲ್‌ಗೆ ಬೇರೆ ದಾರಿ ಇದ್ದಷ್ಟೂ ಮೆರೋಪೆನೆಮ್ ಉಳಿಯುತ್ತದೆ.

ದನದ ಡಾಕ್ಟ್ರು (ಚಿಂತಾಮಣಿ)

ಇಷ್ಟೊತ್ತು ಓದ್ತಾ ಇದ್ದೆ. ಕೊಲಿಸ್ಟಿನ್ ಮಾತು ಬಂದದ್ದರಿಂದ ಬರೀತಿದೀನಿ. ಕೋಳಿ ಬೇಗ ತೂಕ ಬರಲಿ ಅಂತ ಮೇವಿನಲ್ಲಿ ಕೊಲಿಸ್ಟಿನ್ ಹಾಕ್ತಿದ್ದ ಕಾಲ ಇತ್ತು. 2019ರ ಜುಲೈನಲ್ಲಿ ಆಹಾರಕ್ಕೆ ಸಾಕೋ ಪ್ರಾಣಿ, ಕೋಳಿಗಳಿಗೆ ಅದನ್ನ ತಯಾರಿಸಿ ಮಾರೋದನ್ನೇ ಕೇಂದ್ರ ನಿಷೇಧಿಸಿತು. ತಡವಾದರೂ ಒಳ್ಳೇದಾಯ್ತು.

ನನ್ನ ಪ್ರಶ್ನೆ ಬೇರೆ. ನಮ್ಮ ಕಡೆ ಹೈನುಗಾರಿಕೆ ಜಾಸ್ತಿ, ದನದಿಂದ ಮನುಷ್ಯರಿಗೂ ಅಂಟೋ ಬ್ರೂಸೆಲ್ಲಾ ರೋಗಾಣು ಇದೆ. ಗಬ್ಬ ಕಳೆದ ಹಸುವಿನ ಕಸ (ಮಾಸು) ಬರಿಗೈಲಿ ತೆಗೆದವರಿಗೆ ತಿಂಗಳುಗಟ್ಟಲೆ ಜ್ವರ, ಸೊಂಟ ನೋವು. ಅವರಿಗೆ ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್ ಆರು ವಾರ ಬರೀತಾರೆ. ಟಿಬಿ ಇರೋ ಊರಲ್ಲಿ ರಿಫಾಂಪಿಸಿನ್ ಹೀಗೆ ಕೊಡೋದು ಸರೀನಾ?

ಟಿಬಿ ಫೀಲ್ಡ್ (ಕಲಬುರಗಿ)

ಡಾಕ್ಟ್ರ, ಇದು ನನಗೂ ಕಾಡೋ ಪ್ರಶ್ನೇರಿ. ತಿಂಗಳುಗಟ್ಟಲೆ ಜ್ವರ, ಬೆನ್ನು ನೋವು, ತೂಕ ಇಳಿಯೋದು, ಬೆನ್ನುಮೂಳಿ ಟಿಬಿನೂ ಹಂಗ ಕಾಣ್ತದ. ಟಿಬಿ ಇದ್ದವನಿಗೆ ಬ್ರೂಸೆಲ್ಲಾ ಅಂತ ತಿಳದು ರಿಫಾಂಪಿಸಿನ್ ಕೊಟ್ರ, ಡಾಕ್ಸಿಸೈಕ್ಲಿನ್ ಟಿಬಿಗೆ ಲೆಕ್ಕಕ್ಕಿಲ್ಲ, ರಿಫಾಂಪಿಸಿನ್ ಒಂಟಿ ಆಗ್ತದ. ನಾ ಮ್ಯಾಲ ಹೇಳಿದ ಹತ್ತು ಕೋಟಿಗೆ ಒಂದು ಅನ್ನೋ ಲೆಕ್ಕ ಅಲ್ಲಿ ನಿಜ ಆಗ್ತದ.

ವಾರ್ಡ್ ರೌಂಡ್ಸ್ (ಮಂಗಳೂರು)

ಸರಿಯಾದ ಆತಂಕ. ಬ್ರೂಸೆಲ್ಲಾಕ್ಕೆ ಇನ್ನೊಂದು ಒಳ್ಳೆಯ ಜೋಡಿ ಇದೆ: ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ಶುರುವಿನಲ್ಲಿ ಜೆಂಟಾಮೈಸಿನ್ ಅಥವಾ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್. ರೋಗ ಮರುಕಳಿಸುವುದೂ ಇದರಲ್ಲಿ ಕಡಿಮೆ. ಸ್ಟ್ರೆಪ್ಟೋಮೈಸಿನ್ ಕೂಡ ಟಿಬಿ ಔಷಧಿಯೇ, ಅದಕ್ಕೇ ನಾನು ಜೆಂಟಾಮೈಸಿನ್ ಕಡೆ ಒಲಿಯುತ್ತೇನೆ, ಕಿಡ್ನಿ ಪರೀಕ್ಷೆ ಮಾಡಿಸುತ್ತ. ರಿಫಾಂಪಿಸಿನ್ ಬೇಕೇ ಬೇಕು ಎನ್ನುವ ಸಂದರ್ಭದಲ್ಲಿ ಮೊದಲು ಎದೆಯ ಎಕ್ಸ್‌ರೇ, ಕಫ ಬಂದರೆ ಟ್ರೂನಾಟ್, ಬೆನ್ನು ನೋವಿದ್ದರೆ ಬೆನ್ನುಮೂಳೆಯ ಎಂಆರ್‌ಐ. ನಿಮ್ಮ ರೈತರು ಹೋಗುವ ಡಾಕ್ಟರಿಗೆ "ನಮ್ಮ ಹಸು ಗಬ್ಬ ಕಳೆದಿತ್ತು, ಕಸ ನಾನೇ ತೆಗೆದೆ" ಎಂದು ಬಾಯಿಬಿಟ್ಟು ಹೇಳಲು ತಿಳಿಸಿ. ಆ ಒಂದು ಮಾತು ಸಿಗದೆ ನಾವು ವಾರಗಟ್ಟಲೆ ಬೇರೆಲ್ಲೋ ಹುಡುಕುತ್ತಿರುತ್ತೇವೆ.

ದನದ ಡಾಕ್ಟ್ರು (ಚಿಂತಾಮಣಿ)

ಹೇಳ್ತೀನಿ ಸರ್. ನಾಳೆ ಡೈರಿ ಹತ್ರ ಲಸಿಕೆ ಕ್ಯಾಂಪ್ ಇದೆ, ಎಲ್ಲರೂ ಬಂದಿರ್ತಾರೆ. ಹೆಣ್ಣು ಕರುಗಳಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಬ್ರೂಸೆಲ್ಲಾ ಲಸಿಕೆ ಹಾಕಿಸೋದು ಹೇಗೂ ಹೇಳಬೇಕು, ಕೈಗವಸಿನ ಜೊತೆ ಇದನ್ನೂ ಸೇರಿಸ್ತೀನಿ.